ಯಲಹಂಕ ಕಡೆ ನರ್ಸರಿಲಿ ಎರಡು ದಿನದ ತರಬೇತಿ, ಹೋಗ್ಬಂದ್ಮೇಲೆ ಬರೀತಿದೀನಿ

ಐಟಿ ಕೆಲಸ ಬಿಟ್ಟು ಕೃಷಿ ಅರಣ್ಯನೇ (ಹೊಲದಲ್ಲಿ ಬೆಳೆ ಜೊತೆ ಮರನೂ ಬೆಳೆಸೋದು) ವೃತ್ತಿ ಮಾಡ್ಕೊಳ್ಳೋಣ ಅಂತಿದ್ದೆ, ಅದಕ್ಕೇ ಈ ತರಬೇತಿಗೆ ಸೇರ್ಕೊಂಡಿದ್ದು. ಮೊದಲನೇ ದಿನ ಪೂರ್ತಿ ಬೀಜದ್ದೇ ಪಾಠ, ಅದಂತೂ ತುಂಬಾ ಚೆನ್ನಾಗಿತ್ತು. ನೇರಳೆ, ಬೇವು, ಹಲಸಿನ ಬೀಜನ ಒಣಗಿಸಿ ಡಬ್ಬಿಲಿಟ್ರೆ ಮೊಳಕೆ ಶಕ್ತಿನೇ ಹೋಗ್ಬಿಡತ್ತೆ, ಹಣ್ಣಿಂದ ತೆಗೆದು ಬೇಗ ಮಡಿಗೆ ಹಾಕ್ಬೇಕು, ಆದ್ರೆ ತೇಗದ ಬೀಜ ನೆನೆಸಿ ಒಣಗಿಸಿ ಮತ್ತೆ ನೆನೆಸಿ ಹೀಗೆ ಸತಾಯಿಸಿದ್ರೇನೇ ಏಳೋದು. ಹೊನ್ನೆ ಕಾಯಿಗೆ ಸುತ್ತ ರೆಕ್ಕೆ ಇರತ್ತಲ್ಲ, ಅದನ್ನ ಕತ್ತರಿಸೋದನ್ನ ನಮ್ಮ ಕೈಲೇ ಮಾಡಿಸಿದ್ರು. ಕವರ್‌ನಲ್ಲಿ ಜಾಸ್ತಿ ದಿನ ಬಿಟ್ಟ ಸಸಿ ಬೇರು ಸುರುಳಿ ಸುತ್ಕೊಂಡಿರತ್ತೆ, ಕೊಳ್ಳೋವಾಗ ನೋಡಿ ಅಂದ್ರು, ನಾನು ಇಷ್ಟು ವರ್ಷ ಎತ್ತರ ನೋಡಿ ತಗೋತಿದ್ದೆ!

ಬೇಜಾರಾಗಿದ್ದು ಎರಡನೇ ದಿನ. ದೇಸಿ ಮರ ಅಂತ ಕರೆದು ನೆಡೋಕೆ ಟಬೇಬುಯಾ, ಗುಲ್‌ಮೊಹರ್ ಸಸಿನೂ ಕೊಟ್ರು, ಒಂದು ದಕ್ಷಿಣ ಅಮೆರಿಕದ್ದು ಇನ್ನೊಂದು ಮಡಗಾಸ್ಕರ್‌ದು, ಇದು ಸರಿಯಲ್ಲ. ಕೆಲಸ, ಸಂಬಳದ ಬಗ್ಗೆನೂ ಹತ್ತೇ ನಿಮಿಷ. ಪಿಯುಸಿ ಮುಗಿಸಿರೋ ಮಕ್ಕಳಿದ್ರೆ ಶಿರಸಿ, ಪೊನ್ನಂಪೇಟೆ ಅರಣ್ಯ ಕಾಲೇಜಲ್ಲಿ ಬಿಎಸ್ಸಿ ಫಾರೆಸ್ಟ್ರಿ ಇದೆ, ಅಲ್ಲಿ ವಿಚಾರಿಸಿ. ಬೀಜದ ಪಾಠಕ್ಕೋಸ್ಕರ ಆದ್ರೆ ಖಂಡಿತ ಹೋಗಿ, ನಾನಂತೂ ಈ ನೇರಳೆ ಸೀಸನ್‌ಗೆ ಮಡಿ ರೆಡಿ ಮಾಡಿಟ್ಟಿದೀನಿ.