ಏನನ್ನೂ ಕೇಳದ ಆಟಗಳು: ಕೆಲವು ವರ್ಷಗಳ ಬಳಕೆಯ ನಂತರ

ಗೆಲುವು, ಸೋಲು, ಹಂತ, ಅಂಕ ಇವುಗಳಲ್ಲಿ ಯಾವುದೂ ಇಲ್ಲದೆ ಒಂದು ವಾತಾವರಣವನ್ನಷ್ಟೇ ಪರದೆಯ ಮೇಲೆ ಕಟ್ಟಿಕೊಡುವ ಮೊಬೈಲ್ ಆಟಗಳನ್ನು ನಾನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮ ಮನೆಯಲ್ಲಿ ಚಾಲಿ ಅಡಿಕೆ, ಅಂದರೆ ಒಣಗಿಸಿದ ಅಡಿಕೆ, ಸುಲಿಯುವ ಕಾಲ ಬಂತೆಂದರೆ ಸಂಜೆಯಿಡೀ ಎರಡು ಕೈಗಳಿಗೂ ಬಿಡುವಿರುವುದಿಲ್ಲ. ಬೆರಳು ತಾಗಿಸದಿದ್ದರೂ ನಡೆಯುವ ಆಟ ಬೇಕೆನಿಸಿದ್ದು ಆಗಲೇ. ಆಪ್ ಅಂಗಡಿಯಲ್ಲಿ ಇಂಥವೆಲ್ಲ ನೆಮ್ಮದಿ, ಧ್ಯಾನ ಎಂಬ ಒಂದೇ ಗುಂಪಿನಲ್ಲಿ ಸಿಗುತ್ತವೆ. ಆದರೆ ದೀರ್ಘಕಾಲ ಇಟ್ಟುಕೊಂಡವರಿಗೆ ಇವುಗಳಲ್ಲಿ ಎರಡು ಜಾತಿ ಇರುವುದು ತಿಳಿಯುತ್ತದೆ: ತೆರೆದಾಗ ಜೊತೆಗಿದ್ದು ಮುಚ್ಚಿದಾಗ ಸುಮ್ಮನಾಗುವವು ಒಂದು, ನೆಮ್ಮದಿಯ ವೇಷ ಹಾಕಿಕೊಂಡು ದಿನವಿಡೀ ನಮ್ಮನ್ನು ಕರೆಯುತ್ತಲೇ ಇರುವವು ಇನ್ನೊಂದು. ಈ ವಿಮರ್ಶೆಯಲ್ಲಿ ನಾನು ಬಳಸಿರುವ ಅಳತೆಗೋಲು ಇದೊಂದೇ.

ಮೊದಲ ಜಾತಿಯ ತುದಿಯಲ್ಲಿ ನಿಲ್ಲುವುದು ಐರಿಷ್ ಕಲಾವಿದ ಡೇವಿಡ್ ಓರೈಲಿ 2014ರಲ್ಲಿ ಹೊರತಂದ ‘ಮೌಂಟನ್’. ಅದು ಆರಂಭದಲ್ಲಿ ಕೆಲವು ಪದಗಳನ್ನು ಮುಂದಿಟ್ಟು ಒಂದೊಂದಕ್ಕೂ ಬೆರಳಿನಿಂದ ಚಿತ್ರ ಬರೆಯಲು ಹೇಳುತ್ತದೆ. ಆ ಬಳಿಕ ಶೂನ್ಯದಲ್ಲಿ ತೇಲುವ ಒಂದು ಬೆಟ್ಟ ಕಾಣಿಸುತ್ತದೆ. ಅದನ್ನು ತಿರುಗಿಸಿ ನೋಡಬಹುದು, ಹತ್ತಿರಕ್ಕೆ ತರಬಹುದು, ಕೆಲವು ಸ್ವರಗಳನ್ನು ನುಡಿಸಬಹುದು, ಅಷ್ಟೇ. ಹಗಲು ರಾತ್ರಿಯಾಗುತ್ತದೆ, ಮಳೆ ಸುರಿಯುತ್ತದೆ, ಹಿಮ ಬೀಳುತ್ತದೆ, ಮರಗಳ ಬಣ್ಣ ಬದಲಾಗುತ್ತದೆ. ಆಗೊಮ್ಮೆ ಈಗೊಮ್ಮೆ ಬೆಟ್ಟವೇ ತನ್ನ ಮನಸ್ಸಿನ ಮಾತೆಂಬಂತೆ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಹೇಳುತ್ತದೆ. ಎಲ್ಲಿಂದಲೋ ಹಾರಿಬರುವ ಗಡಿಯಾರದಂಥ ದಿನಬಳಕೆಯ ಸಾಮಾನುಗಳು ಇಳಿಜಾರಿಗೆ ಬಡಿದು ಅಲ್ಲೇ ನಾಟಿಕೊಳ್ಳುತ್ತವೆ. ಬಿಡುಗಡೆಯಾದಾಗ ಒಂದು ಡಾಲರಿನ ಆಸುಪಾಸಿನಲ್ಲಿದ್ದ ಈ ಆಟಕ್ಕೆ ಸುಮಾರು 50 ಗಂಟೆಗಳ ಆಯುಸ್ಸೆಂದು ಅದರ ವಿವರಣೆಯಲ್ಲೇ ಇತ್ತು. ಇದನ್ನು ಆಟವೆನ್ನಬಹುದೇ ಎಂದು ಆಗ ಬಹಳ ಮಂದಿ ಕೇಳಿದ್ದರು. ನನ್ನ ಮಟ್ಟಿಗೆ ಆ ಪ್ರಶ್ನೆಗೆ ತೂಕವಿಲ್ಲ, ಏಕೆಂದರೆ ಸಂಜೆ ಗೋಡೆಗೆ ಒರಗಿಸಿಟ್ಟ ಫೋನಿನಲ್ಲಿ ಬೆಟ್ಟವು ತನ್ನಷ್ಟಕ್ಕೆ ತಿರುಗುತ್ತಿರುವಾಗ ನಾನು ಗಮನ ಕೊಟ್ಟರೂ ಬಿಟ್ಟರೂ ಅದಕ್ಕೆ ನಷ್ಟವಿಲ್ಲ, ನನಗೂ ಇಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಬಿಡುವಿಲ್ಲದೆ ದೃಶ್ಯವನ್ನು ಬಿಡಿಸುತ್ತಲೇ ಇರುವ ಯಾವ ಆಟವಾದರೂ ಬ್ಯಾಟರಿಯನ್ನು ತಿನ್ನುತ್ತದೆ, ಹಳೆಯ ಫೋನಾದರೆ ಬಿಸಿಯೂ ಆಗುತ್ತದೆ. ಜೂನ್, ಜುಲೈ ತಿಂಗಳಲ್ಲಿ ಕರೆಂಟು ಹೋದರೆ ಯಾವಾಗ ಬರುವುದೆಂದು ಹೇಳಲಾಗದ ನಮ್ಮ ಕಡೆ ಇದು ಸಣ್ಣ ವಿಷಯವಲ್ಲ.

ಹೆಚ್ಚು ಕಾಲ ನನ್ನ ಬಳಿ ಉಳಿದದ್ದು 2015ರ ‘ವಿರಿಡಿ’. ಒಂದು ಕುಂಡ, ಅದರಲ್ಲಿ ದಪ್ಪ ಎಲೆಯ ಕೆಲವು ಸಕ್ಯುಲೆಂಟ್ ಗಿಡಗಳು, ಕುಂಡದ ಅಂಚಿನಲ್ಲಿ ಸುತ್ತು ಹಾಕುತ್ತಲೇ ಇರುವ ಒಂದು ಬಸವನಹುಳು. ಗಿಡಗಳು ನಿಜವಾದ ಕಾಲದ ಲೆಕ್ಕದಲ್ಲೇ ಬೆಳೆಯುವುದರಿಂದ ಇಂದು ನೋಡಿದ್ದಕ್ಕೂ ನಾಳೆ ನೋಡುವುದಕ್ಕೂ ವ್ಯತ್ಯಾಸವೇ ಕಾಣದು. ವಾರಗಳು ಕಳೆದ ಮೇಲೆ ಪಕ್ಕದಲ್ಲೊಂದು ಎಲೆಗೊಂಚಲು ಹೆಚ್ಚಾಗಿರುವುದು ತಿಳಿಯುತ್ತದೆ. ನೀರು ಹೆಚ್ಚಾದರೆ ಗಿಡ ಸೊರಗುತ್ತದೆ. ಆದುದರಿಂದ ಆಗಾಗ ತೆರೆದು ನೋಡುವವನಿಗಿಂತ ಮರೆತು ಬಿಡುವವನೇ ಇಲ್ಲಿ ಒಳ್ಳೆಯ ತೋಟಗಾರ. ಸುತ್ತಲೂ ಇಷ್ಟು ತೋಟವಿರುವಾಗ ಮೊಬೈಲಿನ ಗಿಡ ಯಾಕಪ್ಪಾ ಎಂದು ಮನೆಯಲ್ಲಿ ಹಿರಿಯರು ಕೇಳಿದ್ದುಂಟು. ಅಡಿಕೆ ಮರದ ಬುಡದಲ್ಲಿ ನಿಂತು ಮೇಲೆ ನೋಡಿದರೆ ನನಗೆ ಕೊಳೆರೋಗ, ಅದಕ್ಕೆ ಹೊಡೆಯುವ ಬೋರ್ಡೋ ಔಷಧಿಯ ಸಿಂಪಡಣೆ, ಮರ ಹತ್ತುವವರ ಕೂಲಿ ಎಲ್ಲ ಒಟ್ಟಿಗೆ ನೆನಪಾಗುತ್ತವೆ. ಈ ಕುಂಡವನ್ನು ನೋಡುವಾಗ ಅಂಥ ಲೆಕ್ಕ ಒಂದೂ ತಲೆಗೆ ಬರುವುದಿಲ್ಲ. ಹೊಸ ಸಸಿಗಳನ್ನು ಹಣ ಕೊಟ್ಟು ಕೊಳ್ಳುವ ವ್ಯವಸ್ಥೆ ಇದರಲ್ಲಿದ್ದರೂ ಕೊಳ್ಳದವರ ಕುಂಡವೇನೂ ಬಾಡುವುದಿಲ್ಲ.

ಜಪಾನಿನ ಹಿಟ್-ಪಾಯಿಂಟ್ ಸಂಸ್ಥೆ 2014ರಲ್ಲಿ ತಂದ ‘ನೆಕೊ ಅತ್ಸುಮೆ’ ಎರಡೂ ಜಾತಿಗಳ ನಡುವಿನದು. ಅಂಗಳದಲ್ಲಿ ತಿನಿಸು, ಆಟಿಕೆ ಇಟ್ಟು ಆಟವನ್ನು ಮುಚ್ಚಿಬಿಡಬೇಕು. ನಾವಿಲ್ಲದಾಗ ಬೆಕ್ಕುಗಳು ಬಂದು ಆಡಿ, ಪ್ರತಿಯಾಗಿ ಮೀನು ಬಿಟ್ಟು ಹೋಗುತ್ತವೆ. ಮುಚ್ಚಿದಾಗ ನಡೆಯುವ ಆಟವೆಂಬ ಆ ಕಲ್ಪನೆ ಸೊಗಸಾದದ್ದು. ಆದರೆ ಮೀನುಗಳೇ ಅಲ್ಲಿ ನಾಣ್ಯವಾಗಿರುವುದರಿಂದಲೂ ಅಪರೂಪದ ಬೆಕ್ಕುಗಳ ಪಟ್ಟಿ ತುಂಬಿಸುವ ಆಸೆ ಹುಟ್ಟುವುದರಿಂದಲೂ ಬರುಬರುತ್ತಾ ಅದು ಕೊಡು-ಕೊಳ್ಳುವ ಲೆಕ್ಕವೇ ಆಗಿಬಿಡುತ್ತದೆ. ‘ಆಲ್ಟೋಸ್ ಅಡ್ವೆಂಚರ್’ ಎಂಬ, ಹಿಮದ ಮೇಲೆ ಜಾರುತ್ತಾ ಸಾಗುವ ಆಟದ ಝೆನ್ ವಿಧಾನದಲ್ಲಿ ಅಂಕ, ನಾಣ್ಯ ಎರಡನ್ನೂ ತೆಗೆದುಹಾಕಿದ್ದಾರೆ, ಬಿದ್ದರೂ ಎದ್ದು ಮುಂದುವರಿಯಬಹುದು. ಮಲಗುವ ಮುನ್ನ ಹತ್ತು ನಿಮಿಷಕ್ಕೆ ಅದು ಸಾಕು.

ಕುಂಬಳೆಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವಾಗ ತೆರೆಯುವುದು ‘ಟೌನ್‌ಸ್ಕೇಪರ್’ ಅನ್ನು. ಆಸ್ಕರ್ ಸ್ಟೋಲ್‌ಬರ್ಗ್ ರೂಪಿಸಿದ ಇದು 2021ರಲ್ಲಿ ಫೋನುಗಳಿಗೆ ಬಂತು. ಖಾಲಿ ನೀರಿನ ಮೇಲೆ ಬೆರಳಿಟ್ಟರೆ ಪುಳಕ್ಕೆಂದು ಒಂದು ಮನೆ ಏಳುತ್ತದೆ. ಪಕ್ಕಕ್ಕೆ ಇನ್ನೊಂದನ್ನಿಟ್ಟರೆ ಎರಡೂ ಸೇರಿ ಮನೆಯ ಮಾಡು (ಛಾವಣಿ) ತಾನಾಗಿ ಬದಲಾಗುತ್ತದೆ. ಎತ್ತರ, ಸಂದು ನೋಡಿಕೊಂಡು ಕಮಾನು, ಮೆಟ್ಟಿಲುಗಳನ್ನು ಆಟವೇ ಕೂಡಿಸುತ್ತದೆ. ಸುತ್ತ ಮನೆಗಳನ್ನು ಕಟ್ಟಿ ನಡುವೆ ಜಾಗ ಬಿಟ್ಟರೆ ಅದು ಹುಲ್ಲಿನ ಅಂಗಳವಾಗುತ್ತದೆ. ಊರಿನಲ್ಲಿ ಜನರಿಲ್ಲ, ಮುಗಿಸಬೇಕಾದ ಕೆಲಸವಿಲ್ಲ, ನೆಟ್‌ವರ್ಕ್ ಬೇಕಾಗಿಲ್ಲ. ರೇಂಜ್ ಸಿಗಬೇಕಾದರೆ ಗುಡ್ಡೆ ಹತ್ತಬೇಕಾದ ಮನೆಗಳವರು ಈ ಕೊನೆಯ ಗುಣವನ್ನು ಗಮನಿಸಬೇಕು.

ಇನ್ನೊಂದು ಜಾತಿಗೆ ಬಂದರೆ, ಹೆಸರು ಬೇಡ, ಮೀನಿನ ತೊಟ್ಟಿಯ ಒಂದು ಆಟವನ್ನು ಸಾಕಷ್ಟು ಕಾಲ ಇಟ್ಟುಕೊಂಡು ಅಳಿಸಿದೆ. ನೀಲಿ ನೀರು, ಮೆಲುದನಿಯ ಪಿಯಾನೊ ಎಲ್ಲ ಇದ್ದವು. ಆದರೆ ಹವಳ ಬೆಳೆಯಬೇಕಾದರೆ ಪರದೆಯನ್ನು ಬೆರಳು ನೋಯುವಷ್ಟು ತಟ್ಟಬೇಕು, ಹೊಸ ಮೀನು ಬೇಕಾದರೆ ಜಾಹೀರಾತು ನೋಡಬೇಕು, ಎರಡು ದಿನ ತೆರೆಯದಿದ್ದರೆ ಮೀನುಗಳು ನಿಮಗಾಗಿ ಕಾಯುತ್ತಿವೆ ಎಂಬ ಸೂಚನೆ ಬರುತ್ತದೆ. ಜಾಹೀರಾತಿನ ಸದ್ದು ಪಿಯಾನೊಗಿಂತ ಎಷ್ಟೋ ಜೋರು. ಉಚಿತವೆಂಬ ಕಾರಣಕ್ಕೆ ಇಂಥವನ್ನು ಇಳಿಸಿಕೊಳ್ಳುವ ಬದಲು ಒಮ್ಮೆ ಹಣ ಕೊಟ್ಟು ಕೊಳ್ಳುವ ಆಟವೇ ವಾಸಿ.

ಧ್ವನಿಯ ವಿಷಯದಲ್ಲಿ ಇಯರ್‌ಫೋನ್ ಕಡ್ಡಾಯವೆನ್ನಬೇಕು. ಈ ಆಟಗಳ ಅರ್ಧ ಕೆಲಸವನ್ನು ಶಬ್ದವೇ ಮಾಡುತ್ತದೆ, ಫೋನಿನ ಸಣ್ಣ ಸ್ಪೀಕರಿನಲ್ಲಿ ಅದು ಉಳಿಯುವುದಿಲ್ಲ. ಸೋಗೆಯ ಬದಲು ಹಾಕಿಸಿದ ತಗಡಿನ ಮಾಡಿನ ಮೇಲೆ ಆಟಿ ತಿಂಗಳ ಜಡಿಮಳೆ ಹೊಡೆಯುತ್ತಿರುವಾಗಲಂತೂ ಆಟದೊಳಗಿನ ಮಳೆಗೆ ಬೆಲೆಯೇ ಇಲ್ಲ. ಕೊಳ್ಳುವ ಮುನ್ನ ನೋಡಬೇಕಾದ ಮತ್ತೊಂದು ಸಂಗತಿಯಿದೆ. ನಿಧಾನವಾಗಿ ಬೆಳೆಯುವ ಆಟಗಳಲ್ಲಿ ಆಟ ಎಲ್ಲಿಗೆ ಬಂದಿದೆಯೆಂದು ಉಳಿಸಿಡುವ ಕಡತ (ಸೇವ್ ಫೈಲ್) ಆ ಫೋನಿನಲ್ಲಿ ಮಾತ್ರ ಇದ್ದರೆ ಫೋನ್ ಬದಲಿಸಿದ ದಿನ ವರ್ಷಗಟ್ಟಲೆ ಬೆಳೆಸಿದ್ದೆಲ್ಲ ಹೋಗುತ್ತದೆ. ಹೊಸ ಫೋನಿಗೆ ಸಾಗಿಸುವ ಅನುಕೂಲ ಇದೆಯೇ ಎಂಬುದನ್ನು ಬೆಲೆಗಿಂತ ಮೊದಲು ಪರೀಕ್ಷಿಸಿಕೊಳ್ಳಿ.