ಚಾನೆಲ್ ಹೋದ ಸಿಟ್ಟಿನಲ್ಲಿ ಕಂಪನಿ ಬದಲಾಯಿಸಬೇಡಿ

ಸೆಮಿಫೈನಲ್‌ಗೆ ಇನ್ನು ಎರಡೇ ದಿನ. ರಾತ್ರಿ ಟಿವಿ ಹಾಕಿದರೆ ಸ್ಪೋರ್ಟ್ಸ್ ಚಾನೆಲ್ ಮಾಯ. ಅದರ ಜಾಗದಲ್ಲಿ ಒಂದು ನೋಟಿಸು: ಚಾನೆಲ್‌ನವರು ವಿಪರೀತ ದುಡ್ಡು ಕೇಳುತ್ತಿದ್ದಾರೆ, ನಿಮ್ಮ ಪರವಾಗಿ ನಾವು ಹೋರಾಡುತ್ತಿದ್ದೇವೆ. ಚಾನೆಲ್‌ನವರ ಪುಟ ತೆಗೆದರೆ ಅಲ್ಲಿ ಉಲ್ಟಾ: ನಿಮ್ಮ ಟಿವಿ ಕಂಪನಿಯೇ ನಮ್ಮನ್ನು ಕಿತ್ತುಹಾಕಿದೆ, ಈಗಲೇ ಫೋನ್ ಮಾಡಿ ಜಗಳ ಆಡಿ. ಇಬ್ಬರೂ ನನ್ನ ಪರವಂತೆ! ಚಾನೆಲ್ ಮಾತ್ರ ಇಲ್ಲ.

ಫೋನ್ ಮಾಡಿದೆ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದರು.

"ಯಾವಾಗ ಬರುತ್ತೆ?"

"ಹೇಳೋಕಾಗಲ್ಲ ಸರ್."

"ಬಿಲ್ ಆದ್ರೂ ಕಮ್ಮಿ ಮಾಡ್ತೀರಾ?"

ಅದೂ ಇಲ್ಲ. ಚಾನೆಲ್‌ಗಳ ಪಟ್ಟಿ ಯಾವಾಗ ಬೇಕಾದರೂ ಬದಲಾಗಬಹುದು ಅಂತ ಕರಾರಿನಲ್ಲೇ ಬರೆದಿದೆಯಂತೆ. ಸಹಿ ಹಾಕುವಾಗ ಅದನ್ನೆಲ್ಲ ಯಾರು ಓದುತ್ತಾರೆ?

ಇಲ್ಲಿಂದ ಮುಂದಿನದು ನನ್ನದೇ ದಡ್ಡತನ. ಅದೇ ಸಿಟ್ಟಿನಲ್ಲಿ ಆ ರಾತ್ರಿಯೇ ಬೇರೆ ಕಂಪನಿಗೆ ಎರಡು ವರ್ಷದ ಕರಾರು ಮಾಡಿಕೊಂಡೆ. ಹಳೆಯವರ ಹತ್ತಿರ ಇನ್ನೂ ಏಳು ತಿಂಗಳು ಬಾಕಿ ಇತ್ತು. ಅವಧಿಗೆ ಮೊದಲೇ ಬಿಟ್ಟಿದ್ದಕ್ಕೆ ದಂಡ ಹಾಕಿದರು. "ನೀವು ಚಾನೆಲ್ಲೇ ಕೊಡ್ತಿಲ್ಲವಲ್ಲ" ಅಂದರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು. ಹೊಸ ಬಾಕ್ಸ್ ಹಾಕಲು ಹುಡುಗ ಬರುವಷ್ಟರಲ್ಲಿ ಸೆಮಿಫೈನಲ್ ಮುಗಿದಿತ್ತು. ಮರುದಿನ ಬೆಳಿಗ್ಗೆ ಹಳೆ ಕಂಪನಿಯಿಂದ ಮೆಸೇಜು: ಒಪ್ಪಂದ ಆಗಿದೆ, ನಿಮ್ಮ ಮೆಚ್ಚಿನ ಚಾನೆಲ್ ವಾಪಸ್ ಬಂದಿದೆ.

ಆಮೇಲೆ ಸುಮ್ನೆ ಕೂತು ಹಳೆಯ ಜಗಳಗಳನ್ನು ಹುಡುಕಿ ಓದಿದೆ. ಒಬ್ಬೊಬ್ಬ ಗ್ರಾಹಕನಿಗೂ ತಿಂಗಳಿಗೆ ಇಷ್ಟು ಅಂತ ಟಿವಿ ಕಂಪನಿ ಚಾನೆಲ್‌ನವರಿಗೆ ಕೊಡಬೇಕು. ಜಗಳ ಆ ದರದ್ದು. ಅದರ ಜೊತೆಗೆ, ಯಾರೂ ನೋಡದ ಸಣ್ಣ ಚಾನೆಲ್‌ಗಳನ್ನೂ ಸೇರಿಸಿಕೊಳ್ಳಬೇಕೋ ಬೇಡವೋ ಅನ್ನೋದೂ ಇರುತ್ತದೆ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ತಾರೀಖುಗಳು. ಅಮೆರಿಕದಲ್ಲಿ 2013ರ ಆಗಸ್ಟ್‌ನಲ್ಲಿ ಟೈಮ್ ವಾರ್ನರ್ ಕೇಬಲ್ ಅನ್ನೋ ಟಿವಿ ಕಂಪನಿಯಿಂದ ಸಿಬಿಎಸ್ ಚಾನೆಲ್ ಹೋಯಿತು. ಒಂದು ತಿಂಗಳಾದ ಮೇಲೆ, ಅಮೆರಿಕನ್ ಫುಟ್‌ಬಾಲ್ ಸೀಸನ್ ಇನ್ನೇನು ಶುರು ಅನ್ನುವಾಗ ಬಂತು. 2023ರ ಆಗಸ್ಟ್ 31ರಂದು ಚಾರ್ಟರ್ ಅನ್ನೋ ಕೇಬಲ್ ಕಂಪನಿಯಿಂದ, ಕ್ರೀಡಾ ಚಾನೆಲ್‌ಗಳೂ ಸೇರಿ, ಡಿಸ್ನಿಯ ಚಾನೆಲ್‌ಗಳು ಹೋದವು. ಸುಮಾರು ಒಂದೂವರೆ ಕೋಟಿ ಗ್ರಾಹಕರ ಜಗಳ ಅದು. ಸೆಪ್ಟೆಂಬರ್ 11ರ ರಾತ್ರಿ ದೊಡ್ಡ ಪಂದ್ಯ ಇತ್ತು, ರಾಜಿ ಆದದ್ದೂ ಅವತ್ತೇ. 2024ರ ಸೆಪ್ಟೆಂಬರ್ 1ರಂದು ಡೈರೆಕ್‌ಟಿವಿ ಅನ್ನೋ ಇನ್ನೊಂದು ಟಿವಿ ಕಂಪನಿಗೂ ಡಿಸ್ನಿಗೂ ಜಗಳ ಬಿತ್ತು, ಯುಎಸ್ ಓಪನ್ ಟೆನಿಸ್ ನಡೆಯುತ್ತಿರುವಾಗಲೇ. ಕಾಕತಾಳೀಯ ಅಂತ ನನಗಂತೂ ಅನಿಸಲ್ಲ. ನಾವು ಜಾಸ್ತಿ ಚಡಪಡಿಸುವ ವಾರದಲ್ಲೇ ಕರಾರು ಮುಗಿದರೆ ಎದುರಿನವರ ಕೈ ತಿರುಚುವುದು ಸುಲಭ, ಅಲ್ವಾ? ಭಾರತದಲ್ಲೂ 2023ರ ಫೆಬ್ರವರಿಯಲ್ಲಿ ಹೊಸ ದರದ ಕರಾರಿಗೆ ಸಹಿ ಹಾಕದ ಕೇಬಲ್‌ನವರಿಗೆ ದೊಡ್ಡ ನೆಟ್‌ವರ್ಕ್‌ಗಳು ಸಿಗ್ನಲ್ ನಿಲ್ಲಿಸಿದ್ದವು. ಕೆಲವೇ ದಿನಗಳಲ್ಲಿ ಸರಿಹೋಯಿತು.

ಎಲ್ಲವೂ ಬೇಗ ಮುಗಿಯುತ್ತವೆ ಅಂತಲ್ಲ. 2018ರ ನವೆಂಬರ್‌ನಲ್ಲಿ ಅಮೆರಿಕದ ಡಿಶ್ ಅನ್ನೋ ಟಿವಿ ಕಂಪನಿಯಿಂದ ಹೋದ ಎಚ್‌ಬಿಓ ಚಾನೆಲ್ ಮರಳಿದ್ದು 2021ರಲ್ಲಿ. ಹಾಗಾಗಿ ಕಾಯಿರಿ ಅಂದರೆ ವರ್ಷಗಟ್ಟಲೆ ಕಾಯಿರಿ ಅಂತ ಅರ್ಥ ಅಲ್ಲ. ಎರಡು ವಾರ ಕೈಕಟ್ಟಿ ಕೂತುಕೊಳ್ಳಿ, ಅಷ್ಟೇ. ಅಷ್ಟರಲ್ಲಿ ಪಂದ್ಯ ಇದ್ದರೆ ತಿಂಗಳ ಲೆಕ್ಕದಲ್ಲಿ ಸಿಗುವ, ಯಾವಾಗ ಬೇಕಾದರೂ ಬಿಡಬಹುದಾದ ಸ್ಟ್ರೀಮಿಂಗ್ ತಗೊಳ್ಳಿ. ಗಾಳಿಯಲ್ಲಿ ಉಚಿತವಾಗಿ ಬರುವ ಚಾನೆಲ್ ಆದರೆ ಒಂದು ಆಂಟೆನಾ ಸಾಕು. ಬಿಲ್ಲಿನಲ್ಲಿ ಎಷ್ಟು ಕಡಿಮೆ ಮಾಡುತ್ತೀರಿ ಅಂತ ಬಾಯಿಬಿಟ್ಟು ಕೇಳಿ. 2025ರಲ್ಲಿ ಅಮೆರಿಕದಲ್ಲಿ ಇಂಟರ್ನೆಟ್ ಮೂಲಕ ಟಿವಿ ಚಾನೆಲ್ ಕೊಡುವ ಯೂಟ್ಯೂಬ್ ಟಿವಿಯಿಂದ ಡಿಸ್ನಿ ಚಾನೆಲ್‌ಗಳು ಹೋದಾಗ 20 ಡಾಲರ್ ವಾಪಸ್ ಕೊಟ್ಟರು. ಅದನ್ನೂ ಕೇಳಿಯೇ ಪಡೆಯಬೇಕಿತ್ತು. ಒಂದೇ ಸಲ ಕೇಳಿ ಸುಮ್ಮನಾದರೆ ಏನೂ ಬರಲ್ಲ. ನಾನು ಹಾಗೇ ಕಳಕೊಂಡೆ.

ಅಂದಹಾಗೆ, ಹೊಸ ಕಂಪನಿಗೆ ಬಂದು ಐದು ತಿಂಗಳಾಗಿತ್ತು. ಮೊನ್ನೆ ಟಿವಿ ಹಾಕಿದರೆ ಇನ್ನೊಂದು ಚಾನೆಲ್ ಇರೋ ಜಾಗದಲ್ಲಿ ನೋಟಿಸು. ನಿಮ್ಮ ಪರವಾಗಿ ಹೋರಾಡುತ್ತಿದ್ದಾರಂತೆ.