ಇಳಿಜಾರಿನ ದಾರಿಗೆ ಡೈಮಂಡ್ ಟೈರ್ ಚೈನ್: ಕೆಲವು ಚಳಿಗಾಲ ಬಳಸಿದ ಮೇಲೆ

ಟ್ರ್ಯಾಕ್ಟರಿನ ಟೈರ್ ಚೈನ್ ಬಗ್ಗೆ ಮಾತಾಡುವವರೆಲ್ಲ ದಿಬ್ಬ ಹತ್ತುವ ವಿಷಯವನ್ನೇ ಹೇಳುತ್ತಾರೆ. ಚಕ್ರ ನಿಂತಲ್ಲೇ ತಿರುಗುತ್ತಿತ್ತು, ಚೈನ್ ಹಾಕಿದೆವು, ಹತ್ತಿತು. ನನಗೆ ಚೈನ್ ಬೇಕಾಗಿದ್ದು ಇಳಿಯುವುದಕ್ಕೆ. ಹತ್ತಲು ಆಗದಿದ್ದರೆ ಟ್ರ್ಯಾಕ್ಟರ್ ಸುಮ್ನೆ ಅಲ್ಲೇ ನಿಲ್ಲುತ್ತದೆ. ಇಳಿಯುವಾಗ ಜಾರಿದರೆ ಅದನ್ನು ನಿಲ್ಲಿಸುವವರಿಲ್ಲ.

ನಮ್ಮ ಮನೆ ಇರುವುದು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ, ಜೆರಿಕೋ ಊರಿನ ಹತ್ತಿರದ ಗುಡ್ಡದಲ್ಲಿ. ರಸ್ತೆಯಿಂದ ಮನೆಗೆ ಸುಮಾರು 300 ಅಡಿ ಜಲ್ಲಿ ದಾರಿ. ನಡುವೆ ಒಂದು ತಿರುವು, ತಿರುವಿನ ಹೊರಬದಿಗೆ ಚರಂಡಿ. 1885ರಲ್ಲೇ ಹಿಮದ ಹರಳಿನ ಫೋಟೋ ತೆಗೆದ ವಿಲ್ಸನ್ ಬೆಂಟ್ಲಿ ಇದೇ ಜೆರಿಕೋದ ರೈತ. ಅವರು ಫೋಟೋ ಹಿಡಿದ ಆ ಹಗುರ ಹಿಮ ಟ್ರ್ಯಾಕ್ಟರಿಗೆ ದೊಡ್ಡ ತೊಂದರೆಯಲ್ಲ. ಫೋರ್ ವೀಲ್ ಡ್ರೈವ್ ಹಾಕಿದರೆ ಚೈನ್ ಇಲ್ಲದೆಯೂ ತಳ್ಳಿಕೊಂಡು ಹೋಗುತ್ತದೆ. ತೊಂದರೆ ಇರುವುದು ಚಳಿಗಾಲದ ನಡುವೆ ಬರುವ ಮಳೆಯಲ್ಲಿ. ನೆಲಕ್ಕೆ ಬಿದ್ದ ಕೂಡಲೇ ಅದು ಗಡ್ಡೆ ಕಟ್ಟುತ್ತದೆ, ಇಡೀ ದಾರಿಯೇ ಗಾಜಿನ ಹಾಗೆ ಆಗಿಬಿಡುತ್ತದೆ.

ನಮ್ಮದು 25 ಹಾರ್ಸ್‌ಪವರ್ ಆಸುಪಾಸಿನ ಚಿಕ್ಕ ಟ್ರ್ಯಾಕ್ಟರ್, ಮುಂದೆ ಲೋಡರ್ ಬಕೆಟ್, ಹಿಂದೆ ನೆಲ ಹೆರೆಯುವ ಬಾಕ್ಸ್ ಬ್ಲೇಡ್. ಟೈರ್ ಆರ್4 ಎನ್ನುವ ಮಾದರಿಯದು. ಕರ್ನಾಟಕದ ನಮ್ಮ ಊರಲ್ಲಿ ನಾವು ನೋಡುವ ಟ್ರ್ಯಾಕ್ಟರಿನದು ಆರ್1, ಓರೆಯಾಗಿ ಎದ್ದುನಿಂತ ಎತ್ತರದ ಹಲ್ಲು. ಆರ್4ರ ಹಲ್ಲು ಅಗಲ, ತಗ್ಗು, ಗಟ್ಟಿ. ಲೋಡರ್ ಕೆಲಸಕ್ಕೆ, ಜಲ್ಲಿ ದಾರಿಗೆ ಬಹಳ ಒಳ್ಳೆಯದು. ಐಸ್ ಮೇಲೆ ಮಾತ್ರ ಹಿಡಿತವೇ ಇಲ್ಲ.

ಇದರ ಜೊತೆಗೆ ಇನ್ನೊಂದು ವಿಷಯ. ಇಂಥ ಚಿಕ್ಕ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಬಕೆಟ್ ತುಂಬ ಒದ್ದೆ ಹಿಮ ಹೊತ್ತು ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹಿಂಭಾಗ ಹಗುರವಾಗುತ್ತದೆ. ಬ್ರೇಕ್ ಒತ್ತಿದರೆ ಆ ಹಗುರ ಚಕ್ರಗಳು ನಿಲ್ಲುತ್ತವೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಇಳಿಯುವಾಗ ಫೋರ್ ವೀಲ್ ತೆಗೆಯಬೇಡಿ ಎನ್ನುವುದು ಇದಕ್ಕೇ. ಅದು ಹಾಕಿದ್ದರೆ ಎಳೆತವೂ ತಡೆತವೂ ನಾಲ್ಕು ಚಕ್ರಕ್ಕೆ ಹಂಚಿಹೋಗುತ್ತದೆ. ಲೋ ಗೇರ್, ಬಕೆಟ್ ನೆಲದ ಹತ್ತಿರ, ಸೀಟ್ ಬೆಲ್ಟ್, ಹಿಂದೆ ಭಾರ. ಇಷ್ಟೆಲ್ಲ ಇದ್ದೂ ಐಸ್ ಮೇಲೆ ಹೆದರಿಕೆ ಹೋಗುವುದಿಲ್ಲ.

ಆಯ್ಕೆಯ ವಿಷಯಕ್ಕೆ ಬರುತ್ತೇನೆ. ಅಗ್ಗದ್ದು ಏಣಿ ಮಾದರಿ. ಎರಡು ಬದಿಗೆ ಉದ್ದದ ಚೈನ್, ನಡುವೆ ಮೆಟ್ಟಿಲಿನಂತೆ ಅಡ್ಡ ಚೈನ್. ಬದಿಯ ಚೈನಿನ ನಾಲ್ಕು ಕೊಂಡಿಗೊಂದು ಅಡ್ಡ ಚೈನ್ ಇರುವುದೂ ಸಿಗುತ್ತದೆ, ಎರಡು ಕೊಂಡಿಗೊಂದು ಇರುವುದೂ ಸಿಗುತ್ತದೆ. ತೆಗೆದುಕೊಳ್ಳುವುದಾದರೆ ಎರಡು ಕೊಂಡಿಯದೇ ಆಗಲಿ. ನಾಲ್ಕು ಕೊಂಡಿಯದರಲ್ಲಿ ಚಕ್ರ ಎದ್ದು ಬಿದ್ದು ಎದ್ದು ಬಿದ್ದು ಹೋಗುತ್ತದೆ, ಸೀಟಿನಲ್ಲಿ ಕೂತವರ ಬೆನ್ನಿಗೆ ಲೆಕ್ಕ ಸಿಗುತ್ತದೆ. ಆರ್1 ಟೈರ್ ಇದ್ದವರಿಗೆ ಏಣಿ ಮಾದರಿಯೇ ಬೇಡ. ಅಡ್ಡ ಚೈನ್ ಹೋಗಿ ಎರಡು ಹಲ್ಲಿನ ನಡುವಿನ ಸಂದಿಯಲ್ಲಿ ಕೂತರೆ ನೆಲಕ್ಕೆ ತಾಗುವುದು ಮತ್ತೆ ರಬ್ಬರೇ ಅಲ್ವಾ?

ಪಕ್ಕದ ಮನೆಯವರ ಟ್ರ್ಯಾಕ್ಟರಿನ ಟೈರ್ ಅಳತೆಯೂ ನಮ್ಮದೂ ಒಂದೇ. ಅವರ ಎರಡು ಕೊಂಡಿಯ ಏಣಿ ಚೈನನ್ನು ಮೊದಲು ತಂದು ಹಾಕಿ ನೋಡಿದೆ. ಹತ್ತುವುದಕ್ಕೆ ಚೆನ್ನಾಗಿತ್ತು. ತಿರುವಿನಲ್ಲಿ ಮಾತ್ರ ಹಿಂಭಾಗ ಮೆಲ್ಲಗೆ ಚರಂಡಿಯ ಕಡೆ ಸರಿಯಿತು. ಕಾರಣ ಸರಳ. ಅಡ್ಡ ಚೈನ್ ಮುಂದೆ ಹಿಂದೆ ಹೋಗುವುದನ್ನು ಹಿಡಿಯುತ್ತದೆ. ಬದಿಗೆ ಜಾರುವಾಗ ಅದು ಜಾರುವ ದಿಕ್ಕಿಗೇ ಮಲಗಿರುತ್ತದೆ, ಹಿಡಿಯಲು ಅಂಚೇ ಇಲ್ಲ. ಸಮತಟ್ಟು ಅಂಗಳದವರಿಗೆ ಇದು ಕೊರತೆಯಲ್ಲ. ನಮ್ಮಂಥ ದಾರಿಗೆ ಸಾಲದು.

ಹಾಗಾಗಿ ನಾನು ಕೊಂಡಿದ್ದು ಡೈಮಂಡ್ ಮಾದರಿ. ಚೈನ್ ಬಲೆಯ ಹಾಗೆ ಓರೆಯಾಗಿ ಹೆಣೆದಿರುತ್ತದೆ. ಯಾವ ಕಡೆ ಜಾರಿದರೂ ಒಂದಲ್ಲ ಒಂದು ಕೊಂಡಿ ಅಡ್ಡ ಬರುತ್ತದೆ. ಟೈರಿನ ಮೇಲೆ ಸದಾ ಎಲ್ಲೋ ಒಂದು ಕಡೆ ಚೈನ್ ನೆಲಕ್ಕೆ ತಾಗಿರುವುದರಿಂದ ಕುಲುಕಾಟವೂ ಕಡಿಮೆ. ಹಿಂದಿನ ಎರಡು ಚಕ್ರದ ಜೋಡಿಗೆ 400 ಡಾಲರ್ ಹತ್ತಿರ ಆಯಿತು. ಏಣಿ ಚೈನ್ ಇದರ ಅರ್ಧಕ್ಕೆ ಸಿಗುತ್ತಿತ್ತು. ಆ ವ್ಯತ್ಯಾಸದ ಬಗ್ಗೆ ನನಗೆ ಬೇಸರವಿಲ್ಲ.

ಬೇಸರ ಬೇರೆ. ಮಾರುವವರು ಕೇಳಿದ್ದು ಟೈರ್ ಅಳತೆ ಒಂದೇ. ಅದನ್ನು ಕೊಟ್ಟೆ. ಸರಿಯಾದ ಅಳತೆಯ ಚೈನ್ ಬಂತು, ಟೈರಿಗೆ ಸರಿಯಾಗಿ ಕೂತಿತು. ಆದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಜಾಗ ಇದೆ, ಒಳಬದಿಯಲ್ಲಿ ಹಿಂದಿನ ಉಪಕರಣ ಎತ್ತುವ ಲಿಫ್ಟ್ ಆರ್ಮ್ ಎಷ್ಟು ಹತ್ತಿರ ಇದೆ, ಹೈಡ್ರಾಲಿಕ್ ಪೈಪ್ ಎಲ್ಲಿ ಹೋಗಿದೆ, ಇದನ್ನು ಯಾರೂ ಕೇಳಲಿಲ್ಲ. ಪೆಟ್ಟಿಗೆಯಲ್ಲಿ ಬಂದ ಕಾಗದದಲ್ಲೂ ಒಂದು ಸಾಲು ಇಲ್ಲ. ಚೈನ್ ಹಾಕಿ ಚಕ್ರ ತಿರುಗಿಸಿದರೆ ಒಳಬದಿಯ ಕೊಂಡಿಗಳು ಮಡ್‌ಗಾರ್ಡಿನ ಅಂಚನ್ನು ಕೆರೆಯತೊಡಗಿದವು. ಚೈನ್ ಎಷ್ಟೇ ಬಿಗಿ ಮಾಡಿದರೂ ಸ್ವಲ್ಪ ಜೋಲುತ್ತದೆ, ತಿರುಗುವಾಗ ಹೊರಕ್ಕೆ ಬೀಸುತ್ತದೆ. ಹಾಗಾಗಿ ನಿಂತಾಗ ತಾಗದಿದ್ದರೆ ಸಾಲದು, ಇನ್ನೂ ಹೆಚ್ಚು ಜಾಗ ಬೇಕು.

ಪರಿಹಾರ ಎಂದರೆ ವೀಲ್ ಸ್ಪೇಸರ್. ಆಕ್ಸಲಿನ ತುದಿಯ ಹಬ್‌ಗೂ ಚಕ್ರಕ್ಕೂ ನಡುವೆ ಕೂರುವ ದಪ್ಪ ಲೋಹದ ಬಿಲ್ಲೆ. ಚಕ್ರವನ್ನು ಹೊರಕ್ಕೆ ತಳ್ಳುತ್ತದೆ. ಕೆಲವು ಟ್ರ್ಯಾಕ್ಟರುಗಳಲ್ಲಿ ರಿಮ್ಮನ್ನೇ ತಿರುಗಿಸಿ ಹಾಕಿ ಅಗಲ ಮಾಡಿಕೊಳ್ಳಬಹುದು, ನನ್ನದರಲ್ಲಿ ಆ ಅನುಕೂಲ ಇಲ್ಲ. ಸ್ಪೇಸರಿಗೂ ಹೆಚ್ಚುಕಡಿಮೆ ಚೈನಿನಷ್ಟೇ ದುಡ್ಡು. 400 ಅಂದುಕೊಂಡಿದ್ದ ಬಜೆಟ್ ಒಂದೇ ವಾರದಲ್ಲಿ ಎರಡು ಪಟ್ಟಾಯಿತು. ಚಳಿಗಾಲದ ಡೀಸೆಲ್, ಹೀಟಿಂಗ್ ಬಿಲ್ ಎಲ್ಲ ಒಟ್ಟಿಗೆ ಬರುವ ತಿಂಗಳು ಅದು. ಟ್ರ್ಯಾಕ್ಟರಿನ ಮಾಡೆಲ್ ಯಾವುದು ಎಂದು ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಇನ್ನೊಂದು ದೂರು ರಬ್ಬರ್ ಬಿಗಿಪಟ್ಟಿಯದು. ಹೊರಬದಿಯಲ್ಲಿ ಚೈನ್ ಎಳೆದು ಹಿಡಿಯಲು ಕೊಟ್ಟಿದ್ದ ಪಟ್ಟಿಗಳು ಫೆಬ್ರವರಿಯ ಚಳಿಗೆ ಗಡುಸಾಗಿ ಒಂದೊಂದೇ ತುಂಡಾದವು. ಈಗ ಸ್ಪ್ರಿಂಗ್ ಹಾಕಿದ್ದೇನೆ, ಸರಿಯಾಗಿದೆ.

ಆದರೆ ಸ್ಪೇಸರಿಂದ ನಾನು ನಿರೀಕ್ಷಿಸದ ಒಂದು ಒಳ್ಳೆಯದಾಯಿತು. ಚಕ್ರಗಳು ಅಗಲವಾಗಿ ನಿಂತ ಮೇಲೆ ಓರೆ ನೆಲದಲ್ಲಿ ಟ್ರ್ಯಾಕ್ಟರ್ ವಾಲುವ ಭಯ ಕಡಿಮೆಯಾಯಿತು. ಬೇಸಿಗೆಯಲ್ಲಿ ಹುಲ್ಲು ಕೊಯ್ಯುವಾಗಲೂ ಇದರ ಸುಖ ಗೊತ್ತಾಗುತ್ತದೆ. ಸ್ಪೇಸರನ್ನು ಈಗ ವರ್ಷವಿಡೀ ಬಿಚ್ಚುವುದೇ ಇಲ್ಲ. ಬೋಲ್ಟ್ ಬಿಗಿ ಇದೆಯಾ ಅಂತ ಆಗಾಗ ನೋಡಿದರೆ ಆಯಿತು.

ಚೈನ್ ಹಾಕುವ ಕೆಲಸವನ್ನು ನವೆಂಬರಿನ ಬಿಸಿಲಿರುವ ಒಂದು ಮಧ್ಯಾಹ್ನ ಮಾಡುತ್ತೇನೆ. ಐಸ್ ಬಿದ್ದ ಮೇಲೆ ಬರಿಗೈಯಲ್ಲಿ ಕೊಂಡಿ ಮುಟ್ಟಲು ಆಗುವುದಿಲ್ಲ. ಮೊದಲು ಚೈನನ್ನು ನೆಲದ ಮೇಲೆ ಹಾಸಿ ಗಂಟು ಬಿಡಿಸುವುದು. ಕೊಕ್ಕೆಗಳ ಬಾಯಿ ಹೊರಗೆ ನೋಡುತ್ತಿರಬೇಕು, ಟೈರಿನ ಕಡೆ ತಿರುಗಿದ್ದರೆ ರಬ್ಬರಿಗೆ ಚುಚ್ಚುತ್ತದೆ. ಟೈರಿನ ಮೇಲೆ ಹೊದಿಸಿ, ಟ್ರ್ಯಾಕ್ಟರನ್ನು ಗೇಣುಗೇಣು ಮುಂದೆ ಬಿಟ್ಟು, ಎಂಜಿನ್ ನಿಲ್ಲಿಸಿ, ಮೊದಲು ಒಳಬದಿ ಕೊಕ್ಕೆ, ಆಮೇಲೆ ಹೊರಬದಿ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಚೈನ್ ಎಳೆದು ಸಿಕ್ಕಿಸಿ, ಮತ್ತೆ ಗಾಳಿ ತುಂಬಿದರೆ ಬಿಗಿ ತಾನೇ ಬರುತ್ತದೆ. ನನ್ನ ಹಿಂದಿನ ಟೈರುಗಳಲ್ಲಿ ಭಾರಕ್ಕೆಂದು ಬೀಟ್‌ರೂಟ್ ಜಾತಿಯ ಗಡ್ಡೆಯ ರಸ ತುಂಬಿಸಿದ್ದೇನೆ. ಇಲ್ಲಿಯ ಚಳಿಗೆ ಅದು ನೀರಿನಂತೆ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಗಾಳಿ ಇಳಿಸುವಾಗ ವಾಲ್ವ್ ಮೇಲ್ಗಡೆ ಬರುವಂತೆ ಚಕ್ರ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ಅಂಟುಅಂಟಾದ ರಸ ಕೈಗೆ ಚಿಮ್ಮುತ್ತದೆ. ಕೊನೆಗೆ ಅಂಗಳದಲ್ಲಿ ಎರಡು ಸುತ್ತು ಹಾಕಿ ಮತ್ತೊಮ್ಮೆ ಬಿಗಿ.

ಹಿಮದ ಬೆಳಿಗ್ಗೆ ನನಗೆ ಇಷ್ಟ. ರಾತ್ರಿಯೇ ಎಂಜಿನ್ ಹೀಟರ್ ಪ್ಲಗ್ ಹಾಕಿರುತ್ತೇನೆ. ಸ್ಟಾರ್ಟ್ ಮಾಡಿ, ಹೈಡ್ರಾಲಿಕ್ ಎಣ್ಣೆ ಬೆಚ್ಚಗಾಗುವವರೆಗೆ ಒಳಗೆ ಹೋಗಿ ಕಾಫಿ. ಆಮೇಲೆ ಟಾರ್ಚ್ ಹಿಡಿದು ಎರಡೂ ಚಕ್ರ ಒಮ್ಮೆ ನೋಡುವುದು, ಸ್ಪ್ರಿಂಗ್ ಇದೆಯಾ, ಕೊಕ್ಕೆ ಬಿಚ್ಚಿದೆಯಾ. ನಂತರ ದಾರಿಯ ತಲೆಯಲ್ಲಿ ನಿಂತು ಪೆಡಲ್ ಮೇಲಿನ ಕಾಲು ಹಗುರ ಮಾಡಿ ಇಳಿಯುವುದು. ನಮ್ಮ ಟ್ರ್ಯಾಕ್ಟರಿನಲ್ಲಿ ಈ ಪೆಡಲ್ ಒತ್ತಿದರೆ ಓಡುತ್ತದೆ, ಬಿಟ್ಟರೆ ಚಕ್ರ ತಾನೇ ನಿಲ್ಲುತ್ತದೆ. ಐಸ್ ಮಳೆಯ ಮರುದಿನ, ನಾವೇ ನಡೆದು ಇಳಿಯಲು ಆಗದ ದಾರಿಯಲ್ಲಿ, ತಿರುವಿನ ಹತ್ತಿರ ಪೆಡಲ್ ಬಿಟ್ಟೆ. ಕೊಂಡಿಗಳು ಐಸನ್ನು ಕಚ್ಚುವ ಕರಕರ ಸದ್ದು ಬಂತು, ಟ್ರ್ಯಾಕ್ಟರ್ ನಿಂತಿತು. ಹಿಂಭಾಗ ಒಂದಿಂಚೂ ಸರಿಯಲಿಲ್ಲ. ಖರ್ಚು ಮಾಡಿದ ಅಷ್ಟೂ ದುಡ್ಡಿಗೆ ನನಗೆ ಅದೊಂದೇ ಸಾಕು.

ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಸಾಗರ ತಾಲೂಕಿನ ಕಡೆ ಗದ್ದೆ ಕೆಸರಿಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತೇವಲ್ಲ, ಅದೇ ಲೆಕ್ಕ. ಟಾರು ರಸ್ತೆಗೆ ಕೇಜ್ ವೀಲ್ ಇಳಿಸಬಾರದು, ಚೈನೂ ಹಾಗೆಯೇ. ಡಾಂಬರು ಡ್ರೈವ್‌ವೇ ಇದ್ದವರು ಯೋಚಿಸಿ ಕೊಳ್ಳಿ, ಗೀರು ಬೀಳುತ್ತದೆ. ಅದರಲ್ಲೂ ಕೊಂಡಿಗೆ ಮೊನಚು ಕಬ್ಬಿಣ ಬೆಸೆದ ವಿ-ಬಾರ್ ಚೈನ್ ಐಸಿಗೆ ಎಷ್ಟು ಒಳ್ಳೆಯದೋ ಡಾಂಬರಿಗೆ ಅಷ್ಟೇ ಕೆಟ್ಟದ್ದು. ನಮ್ಮ ಜಲ್ಲಿ ದಾರಿಯಲ್ಲೂ ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿದ್ದಾಗ ಮಾತ್ರ ಚೈನ್ ಸುರಕ್ಷಿತ. ಮಾರ್ಚ್ ಕೊನೆಗೆ ಇಲ್ಲಿ ಕೆಸರಿನ ಕಾಲ ಶುರುವಾದರೆ ಚೈನ್ ಬಿಚ್ಚಿಬಿಡುತ್ತೇನೆ, ಇಲ್ಲದಿದ್ದರೆ ದಾರಿಯಲ್ಲಿ ಗುಂಡಿ ಬೀಳುತ್ತದೆ. ಬಿಚ್ಚಿದ್ದನ್ನು ತೊಳೆದು ಒಣಗಿಸಿ ಎಣ್ಣೆ ಹಚ್ಚಿ ಬಕೆಟಿನಲ್ಲಿಡುವುದು. ತುಕ್ಕು ಈವರೆಗೆ ಜಾಸ್ತಿ ಹಿಡಿದಿಲ್ಲ.

ನಿಮ್ಮ ಅಂಗಳ ಸಮತಟ್ಟಾಗಿದ್ದರೆ ಮೊದಲು ಟೈರಿಗೆ ಭಾರ ತುಂಬಿಸಿ, ಹಿಂದೆ ಬ್ಲೇಡ್ ಕಟ್ಟಿ ನೋಡಿ. ಅಷ್ಟರಲ್ಲೇ ಕೆಲಸ ಆಗಬಹುದು. ಮುಂದಿನ ಚಕ್ರಕ್ಕೂ ಚೈನ್ ಬೇಕಾ ಅಂತ ಕೇಳುತ್ತಾರೆ. ಐಸ್ ಮೇಲೆ ಸ್ಟೀರಿಂಗ್ ಮಾತು ಕೇಳಬೇಕಾದರೆ ಅದು ನಿಜಕ್ಕೂ ಉಪಯೋಗ. ಆದರೆ ಅಳತೆ ತೆಗೆಯುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಒಂದು ಚಕ್ರದ ಕೆಳಗೆ ಮರದ ದಿಮ್ಮಿ ಇಟ್ಟು ಆಕ್ಸಲ್ ಓರೆ ಮಾಡಿ ಅಳೆಯಬೇಕು. ಮುಂದಿನ ಆಕ್ಸಲ್ ನಡುವಿನ ಪಿನ್ ಮೇಲೆ ವಾಲುತ್ತದೆ, ಆಗ ಚಕ್ರ ಲೋಡರಿನ ಚೌಕಟ್ಟಿಗೆ ಇನ್ನೂ ಹತ್ತಿರ ಬರುತ್ತದೆ. ನನ್ನದರಲ್ಲಿ ಹಾಗೆ ಅಳೆದಾಗ ಉಳಿದ ಜಾಗ ಒಂದು ಬೆರಳಿನಷ್ಟು. ಹಾಗಾಗಿ ಹಿಂದಿನ ಚಕ್ರಗಳ ಜೋಡಿಯಲ್ಲೇ ಇದ್ದೇನೆ.